ಬರಬೇಕಾದ ಲಸಿಕೆ, ಕೈಯಲ್ಲಿರುವ ಲಸಿಕೆ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಹೈನುಗಾರರ ವಿಚಾರಗೋಷ್ಠಿಯಲ್ಲಿ ನಿವೃತ್ತ ಪಶುವೈದ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಇಪ್ಪತ್ತೈದು ವರ್ಷ ಒಂದು ಸಂಘ ನಡೆದುಕೊಂಡು ಬರುವುದು ಸಣ್ಣ ಮಾತಲ್ಲ.  ನಾನು ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರೂ ತಾಲ್ಲೂಕುಗಳ ಕೊಟ್ಟಿಗೆಗಳಲ್ಲಿ ಓಡಾಡಿ ನಿವೃತ್ತನಾದವನು. ಭಾಷಣ ಮಾಡಿ ಅಭ್ಯಾಸ ಇಲ್ಲ. ಹಾಗಾಗಿ ಕೊಟ್ಟಿಗೆಯ ಕಟ್ಟೆ ಮೇಲೆ ಕೂತು ಮಾತಾಡಿದ ಹಾಗೇ ಮಾತಾಡ್ತೀನಿ, ತಪ್ಪಿದ್ದರೆ ಮನ್ನಿಸಬೇಕು.

ಕಾರ್ಯದರ್ಶಿಗಳು ಕೊಟ್ಟ ವಿಷಯ "ಜಾನುವಾರುಗಳಿಗೆ ಡಿ.ಎನ್.ಎ. ಲಸಿಕೆ". ಯಾಕೆ ಈ ವಿಷಯ ಅಂತ ಕೇಳಿದೆ. "ಯುವಕ ಸದಸ್ಯರೆಲ್ಲ ಕೇಳ್ತಿದಾರೆ, ಹೊಸ ಲಸಿಕೆ ಬರ್ತದಂತೆ, ಒಂದು ಸಲ ಹಾಕಿಸಿದ್ರೆ ಸಾಕಂತೆ, ಹಳೇದನ್ನ ಯಾಕೆ ಹಾಕಿಸಬೇಕು ಅಂತ" ಎಂದರು. ಆ ಕೊನೆಯ ಪ್ರಶ್ನೆ ಕೇಳಿದ ಮೇಲೆ ಬರಲೇಬೇಕು ಅನ್ನಿಸಿತು. ಬರಲಿರುವ ಲಸಿಕೆ ನಿಜವಾದದ್ದು, ಸುಳ್ಳಲ್ಲ. ಆದರೆ ಅದಕ್ಕಾಗಿ ಕಾಯುತ್ತಾ ಕೈಯಲ್ಲಿರುವುದನ್ನು ಬಿಟ್ಟರೆ ಈ ಮಳೆಗಾಲದಲ್ಲೇ ಕೊಟ್ಟಿಗೆ ಬರಿದಾದೀತು.

ನಮ್ಮ ಕೊಟ್ಟಿಗೆಯ ಶತ್ರುಗಳು

ದನಗಳಿಗೆ ಬರುವ ರೋಗಗಳಲ್ಲಿ ಕಾಲುಬಾಯಿ ಜ್ವರ, 2022ರಲ್ಲಿ ಊರೂರಿಗೆ ಬಂದ ಚರ್ಮಗಂಟು ರೋಗ, ಇವು ವೈರಸ್‌ನಿಂದ ಬರುವಂಥವು. ನಾನು ಇವತ್ತು ಹೇಳುವುದು ಬ್ಯಾಕ್ಟೀರಿಯಾದಿಂದ ಬರುವ ರೋಗಗಳ ವಿಷಯ.

ಮೊದಲನೆಯದು ಗಳಲೆ ರೋಗ. ಇದು ಮಳೆ ಹಿಡಿದ ಮೇಲೆ ಬರುವ ರೋಗ. ಆಗುಂಬೆ, ಹುಲಿಕಲ್ಲು, ನಗರದ ಕಡೆಯ ಮಳೆ ನಿಮಗೆ ಗೊತ್ತಿದ್ದದ್ದೇ. ಬೆಳಿಗ್ಗೆ ಮೇವು ಬಿಟ್ಟ ಎಮ್ಮೆಗೆ ಮಧ್ಯಾಹ್ನಕ್ಕೆ ವಿಪರೀತ ಜ್ವರ, ಬಾಯಲ್ಲಿ ಜೊಲ್ಲು, ಸಂಜೆಗೆ ಗಂಟಲು ಊದಿ ಗೊರಗೊರ ಉಸಿರು. ಡಾಕ್ಟರಿಗೆ ಹೇಳಿ ಕಳಿಸುವಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ಎರಡನೆಯದು ಚಪ್ಪೆ ರೋಗ. ಇದು ಹೆಚ್ಚಾಗಿ ಹಿಡಿಯುವುದು ಮೈಕೈ ತುಂಬಿಕೊಂಡ ಎಳೆಯ ದನಗಳನ್ನು. ತೊಡೆ, ಚಪ್ಪೆ ಊದುತ್ತದೆ, ಒತ್ತಿದರೆ ಚರಚರ ಶಬ್ದ ಬರುತ್ತದೆ. ಅದರ ಬೀಜಾಣುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಸಾಯದೆ ಕೂತಿರುತ್ತವೆ.

ಮೂರನೆಯದು ಕಂದು ರೋಗ, ಇಂಗ್ಲಿಷಿನಲ್ಲಿ ಬ್ರುಸೆಲ್ಲೋಸಿಸ್ ಅಂತಾರೆ. ಇದು ದನವನ್ನು ಕೊಲ್ಲುವುದಿಲ್ಲ. ಐದು ತಿಂಗಳು ತುಂಬಿದ ಮೇಲೆ, ಸಾಮಾನ್ಯವಾಗಿ ಏಳೆಂಟು ತಿಂಗಳಿಗೆ ಕಂದು ಹಾಕಿಸುತ್ತದೆ. ಮಾಸು ಬೀಳುವುದಿಲ್ಲ, ಗಬ್ಬ ಮತ್ತೆ ಸರಿಯಾಗಿ ನಿಲ್ಲುವುದಿಲ್ಲ, ಹಾಲು ಕಡಿಮೆಯಾಗುತ್ತದೆ. ನಾವು ದೃಷ್ಟಿ ಆಯ್ತು ಅಂತೀವಿ, ಕಾಲು ಜಾರಿ ಬಿತ್ತು ಅಂತೀವಿ. ರೋಗ ಮಾತ್ರ ಆ ಮಾಸಿನ ಮೂಲಕ ಪಕ್ಕದ ದನಕ್ಕೆ, ಅದನ್ನು ಎತ್ತಿ ಹಾಕಿದ ಮನುಷ್ಯನಿಗೆ ದಾಟಿರುತ್ತದೆ. ನಾಲ್ಕನೆಯದು ಇಲಿಜ್ವರದ ಲೆಪ್ಟೊಸ್ಪೈರಾ. ಇಲಿಯ ಮೂತ್ರದಿಂದ ಗದ್ದೆ ನೀರಿಗೆ, ಅಲ್ಲಿಂದ ದನಕ್ಕೆ, ದನದ ಮೂತ್ರದಿಂದ ಮತ್ತೆ ನಮಗೆ. ನಾಟಿ ಕಾಲದಲ್ಲಿ ಕಾಲಲ್ಲಿ ಗಾಯ ಇಟ್ಟುಕೊಂಡು ಗದ್ದೆಗೆ ಇಳಿಯುವವರು ಇದನ್ನು ನೆನಪಿಡಬೇಕು.

ಮರೆತು ಬಿಟ್ಟ ಸೀಸೆಗಳಿಂದ ಹುಟ್ಟಿದ ಲಸಿಕೆಗಳು

ಲಸಿಕೆಯ ಚರಿತ್ರೆ ಸ್ವಾರಸ್ಯವಾಗಿದೆ. ಪ್ರಯೋಗಶಾಲೆಯಲ್ಲಿ ರೋಗಾಣುವನ್ನು ಮೆತ್ತಗೆ ಮಾಡಿ ತಯಾರಿಸಿದ ಮೊಟ್ಟಮೊದಲ ಲಸಿಕೆ ಮನುಷ್ಯರದ್ದಲ್ಲ, ಕೋಳಿಯದ್ದು. ಫ್ರಾನ್ಸಿನ ಲೂಯಿ ಪಾಶ್ಚರ್ ಕೋಳಿ ಕಾಲರಾ ರೋಗದ ಮೇಲೆ ಕೆಲಸ ಮಾಡುತ್ತಿದ್ದರು. 1879ರ ಬೇಸಿಗೆ ರಜೆ ಮುಗಿದ ಮೇಲೆ ನೋಡಿದರೆ, ಹಾಗೇ ಬಿಟ್ಟು ಹೋಗಿದ್ದ ರೋಗಾಣುಗಳು ಹಳತಾಗಿ ಶಕ್ತಿ ಕಳೆದುಕೊಂಡಿದ್ದವು. ಅವುಗಳನ್ನು ಚುಚ್ಚಿದ ಕೋಳಿಗಳು ಸಾಯಲಿಲ್ಲ, ಮುಂದೆ ಜೋರಾದ ರೋಗಾಣು ಕೊಟ್ಟಾಗಲೂ ತಡೆದುಕೊಂಡವು. ಆ ಕೋಳಿ ರೋಗದ ಬ್ಯಾಕ್ಟೀರಿಯಾಕ್ಕೆ ಮುಂದೆ ಪಾಶ್ಚರ್ ಹೆಸರನ್ನೇ ಇಟ್ಟು ಪಾಶ್ಚುರೆಲ್ಲಾ ಅಂದರು. ನಮ್ಮ ಎಮ್ಮೆಗಳಿಗೆ ಗಳಲೆ ತರುವುದೂ ಅದೇ ಜಾತಿಯ ಇನ್ನೊಂದು ಬಗೆ.

ಕಂದು ರೋಗದ ಲಸಿಕೆಯದೂ ಇಂಥದೇ ಕಥೆ. 1923ರಲ್ಲಿ ಅಮೆರಿಕದ ಜಾನ್ ಬಕ್ ಎಂಬ ವಿಜ್ಞಾನಿ ಒಂದು ಜರ್ಸಿ ಹಸುವಿನ ಹಾಲಿನಿಂದ ಈ ರೋಗಾಣುವನ್ನು ಬೇರ್ಪಡಿಸಿದರು. ಅದು ಪ್ರಯೋಗಶಾಲೆಯಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಹಾಗೇ ಉಳಿದುಹೋಯಿತು. ಆಮೇಲೆ ನೋಡಿದರೆ ಅದರ ಕೆಟ್ಟ ಗುಣ ಇಳಿದಿತ್ತು, ರಕ್ಷಣೆ ಕೊಡುವ ಗುಣ ಉಳಿದಿತ್ತು. ಅದೇ ಸ್ಟ್ರೈನ್ 19. ಸುಮಾರು ನೂರು ವರ್ಷ ಆದರೂ ಇವತ್ತಿಗೂ ನಮ್ಮ ಹೆಣ್ಣುಗರುಗಳಿಗೆ ಹಾಕುತ್ತಿರುವುದು ಅದನ್ನೇ.

ನಮ್ಮ ರಾಜ್ಯವೂ ಹಿಂದೆ ಬಿದ್ದಿರಲಿಲ್ಲ. 1925ರಲ್ಲೇ ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆ ಶುರುವಾಯಿತು. ಇಂದು ಅದು ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ. ನಮ್ಮ ಹಿರಿಯರ ಕಾಲದಲ್ಲಿ ಊರ ದನಗಳನ್ನೆಲ್ಲ ಒಟ್ಟಿಗೆ ಹೊಡೆದುಕೊಂಡು ಹೋಗುತ್ತಿದ್ದ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, ಇವತ್ತಿನ ಮಕ್ಕಳಿಗೆ ಹೆಸರೂ ಗೊತ್ತಿಲ್ಲ. ಭಾರತದಲ್ಲಿ ಕೊನೆಯದಾಗಿ ಅದು ಕಾಣಿಸಿದ್ದು 1995ರಲ್ಲಿ. 2011ರಲ್ಲಿ ಇಡೀ ಭೂಮಿಯಿಂದಲೇ ಅಳಿಯಿತೆಂದು ಘೋಷಿಸಿದರು. ಸಿಡುಬಿನ ನಂತರ ಮನುಷ್ಯ ಪೂರ್ತಿ ಅಳಿಸಿದ ಎರಡನೆಯ ರೋಗ ಅದೊಂದೇ. ಅದನ್ನು ಅಳಿಸಿದ್ದು ಲಸಿಕೆ, ಮತ್ತು ಮನೆ ಮನೆಗೆ ಹೋಗಿ ಅದನ್ನು ಹಾಕಿದ ಕೈಗಳು.

ಹಳೆಯ ಲಸಿಕೆಯ ಕೊರತೆಗಳು

ಹಾಗಾದರೆ ಹೊಸದು ಯಾಕೆ ಬೇಕು? ನಿಮ್ಮ ದೂರುಗಳೇ ಅದಕ್ಕೆ ಉತ್ತರ. ಗಳಲೆ, ಚಪ್ಪೆ ರೋಗಗಳಿಗೆ ಕೊಡುವುದು ಸಾಯಿಸಿದ ಬ್ಯಾಕ್ಟೀರಿಯಾದ ಲಸಿಕೆ. ಇದರ ರಕ್ಷಣೆ ಬಹಳ ಕಾಲ ನಿಲ್ಲುವುದಿಲ್ಲ. ಗಳಲೆಯ ಲಸಿಕೆಯಲ್ಲಿ ಪಟಿಕದಲ್ಲಿ ಮಾಡಿದ್ದಾದರೆ ಸುಮಾರು ಆರು ತಿಂಗಳು, ಎಣ್ಣೆಯಲ್ಲಿ ಮಾಡಿದ್ದಾದರೆ ಸುಮಾರು ಒಂದು ವರ್ಷ. ಎಣ್ಣೆಯದು ಮಂದ, ಚುಚ್ಚಿದ ಜಾಗ ಗಂಟು ಕಟ್ಟುತ್ತದೆ, ಎರಡು ದಿನ ಹಾಲು ಕಡಿಮೆ ಆದೀತು. ಅದಕ್ಕೇ ಲಸಿಕೆ ಹಾಕೋರು ಬಂದ್ರು ಅಂದ್ರೆ ದನ ಬೆಟ್ಟಕ್ಕೆ ಅಟ್ಟಿ ಬಿಡೋರು ನಮ್ಮಲ್ಲಿ ಇದ್ದಾರೆ. ಹೆಸರು ಹೇಳೋದಿಲ್ಲ, ಇಲ್ಲೇ ಮುಂದಿನ ಸಾಲಲ್ಲಿ ಕೂತು ನಗ್ತಾ ಇದ್ದಾರೆ.

ಸ್ಟ್ರೈನ್ 19ರ ಕಷ್ಟ ಬೇರೆ. ಅದು ಜೀವಂತ ಬ್ಯಾಕ್ಟೀರಿಯಾ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುವಿಗೆ ಮಾತ್ರ, ಜೀವಮಾನದಲ್ಲಿ ಒಂದೇ ಸಲ ಹಾಕಬೇಕು. ಗಬ್ಬದ ಹಸುವಿಗೆ ಹಾಕಿದರೆ ಅದೇ ಕಂದು ಹಾಕಿಸೀತು. ಹಾಕುವವನ ಕೈಗೆ ಸೂಜಿ ತಾಗಿದರೆ ಅವನಿಗೇ ರೋಗ ಬಂದೀತು. ದೊಡ್ಡ ದನಕ್ಕೆ ಹಾಕಿಬಿಟ್ಟರೆ ಮುಂದೆ ರಕ್ತ ಪರೀಕ್ಷೆಯಲ್ಲಿ ಇದು ರೋಗದ ಗುರುತೋ ಲಸಿಕೆಯ ಗುರುತೋ ತಿಳಿಯದೆ ಗೊಂದಲವಾಗುತ್ತದೆ. ಅಮೆರಿಕದವರು ಈ ಗೊಂದಲ ತಪ್ಪಿಸಲು 1996ರಿಂದ ಆರ್.ಬಿ. 51 ಎಂಬ ಇನ್ನೊಂದು ಲಸಿಕೆಗೆ ಹೋದರು. ಅದೂ ಜೀವಂತ ಲಸಿಕೆಯೇ.

ಇನ್ನು ತಂಪಿನ ಸಮಸ್ಯೆ. ಈ ಲಸಿಕೆಗಳೆಲ್ಲ ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿ ಇರಬೇಕು. ಶರಾವತಿ ಹಿನ್ನೀರಿನ ಆಚೆ ಕರೂರು, ತುಮರಿ ಕಡೆಗೆ ಹೋಗಬೇಕಾದರೆ ಐಸ್ ಡಬ್ಬ ಹಿಡಿದುಕೊಂಡು ಲಾಂಚ್ ಕಾಯುತ್ತಿದ್ದ ದಿನಗಳು ನನಗೆ ನೆನಪಿವೆ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆದ ಮೇಲೆ ಆ ಕಷ್ಟ ತಪ್ಪಿದೆ. ಆದರೆ ಮಳೆಗಾಲದಲ್ಲಿ ಮೂರು ದಿನ ಕರೆಂಟು ಹೋದರೆ ಫ್ರಿಜ್ಜಿನ ಗತಿ ಏನು ಅಂತ ನಿಮಗೇ ಗೊತ್ತು.

ಡಿ.ಎನ್.ಎ. ಲಸಿಕೆ ಅಂದರೇನು?

ನಿಮ್ಮ ನೆಂಟರ ಮನೆಗೆ ಹೋಳಿಗೆ ಕಳಿಸಬೇಕು ಅಂತಿಟ್ಟುಕೊಳ್ಳಿ. ಒಂದು ದಾರಿ, ಇಲ್ಲೇ ಮಾಡಿ ಕಟ್ಟಿ ಕಳಿಸುವುದು. ಇನ್ನೊಂದು ದಾರಿ, ಮಾಡುವ ಕ್ರಮವನ್ನು ಚೀಟಿಯಲ್ಲಿ ಬರೆದು ಕಳಿಸುವುದು. ಬೇಳೆ, ಬೆಲ್ಲ, ಒಲೆ ಎಲ್ಲ ಅವರದ್ದೇ. ಹಳೆಯ ಲಸಿಕೆ ಮೊದಲನೆಯ ದಾರಿ: ಬ್ಯಾಕ್ಟೀರಿಯಾವನ್ನೇ ಸಾಯಿಸಿ ಅಥವಾ ಮೆತ್ತಗೆ ಮಾಡಿ ದನದ ಮೈಗೆ ಕಳಿಸುತ್ತೇವೆ. ಡಿ.ಎನ್.ಎ. ಲಸಿಕೆ ಎರಡನೆಯ ದಾರಿ: ಚೀಟಿ ಮಾತ್ರ ಕಳಿಸುತ್ತೇವೆ.

ಯಾವ ಜೀವಿಯಲ್ಲೇ ಆಗಲಿ, ಯಾವ ಪ್ರೋಟೀನನ್ನು ಹೇಗೆ ಮಾಡಬೇಕು ಎಂಬ ಬರಹ ಡಿ.ಎನ್.ಎ. ರೂಪದಲ್ಲಿ ಇರುತ್ತದೆ. ಒಂದೊಂದು ಪ್ರೋಟೀನಿನ ಬರಹಕ್ಕೆ ಜೀನು ಅಥವಾ ವಂಶವಾಹಿ ಅಂತ ಹೆಸರು. ವಿಜ್ಞಾನಿಗಳು ರೋಗಾಣುವಿನ ಸಾವಿರಾರು ಜೀನುಗಳಲ್ಲಿ ಒಂದನ್ನೋ ಎರಡನ್ನೋ ಆರಿಸುತ್ತಾರೆ. ಅದರಿಂದ ರೋಗ ಬರಬಾರದು, ಆದರೆ ಆ ರೋಗಾಣುವಿನ ಗುರುತು ಸಿಗಬೇಕು. ಆ ಜೀನನ್ನು ಪ್ಲಾಸ್ಮಿಡ್ ಎಂಬ ಉಂಗುರದ ಆಕಾರದ ಸಣ್ಣ ಡಿ.ಎನ್.ಎ.ಗೆ ಸೇರಿಸುತ್ತಾರೆ. ಈ ಉಂಗುರವನ್ನು ನಿರಪಾಯಕಾರಿ ಬ್ಯಾಕ್ಟೀರಿಯಾದೊಳಗೆ ಬೆಳೆಸಿ, ಶುದ್ಧ ಮಾಡಿ, ಪ್ರಾಣಿಯ ಸ್ನಾಯುವಿಗೋ ಚರ್ಮಕ್ಕೋ ಚುಚ್ಚುತ್ತಾರೆ. ಆಗ ಪ್ರಾಣಿಯದೇ ಜೀವಕೋಶ ಆ ಚೀಟಿ ಓದಿ ಆ ಪ್ರೋಟೀನನ್ನು ತಯಾರಿಸುತ್ತದೆ. ಮೈಯ ಕಾವಲು ಕಣಗಳು ಅದನ್ನು ನೋಡಿ, "ಇದು ನಮ್ಮ ಮನೇದಲ್ಲ" ಅಂತ ಗುರುತು ಹಿಡಿದು ತಯಾರಾಗುತ್ತವೆ. ಮುಂದೆ ನಿಜವಾದ ಕಳ್ಳ ಬಂದಾಗ ಗುರುತು ಆಗಲೇ ಗೊತ್ತಿರುತ್ತದೆ.

ಇದರಲ್ಲಿ ರೋಗಾಣುವೇ ಇಲ್ಲವಾದ್ದರಿಂದ ಸೂಜಿ ತಾಗಿದರೂ ಆ ರೋಗ ಬರುವುದಿಲ್ಲ. ಡಿ.ಎನ್.ಎ. ಜೀವಂತ ಲಸಿಕೆಗಿಂತ ಸೆಕೆ ತಡೆದುಕೊಳ್ಳುತ್ತದೆ. ಒಂದೇ ಪ್ರೋಟೀನಿನ ಗುರುತು ಇರುವುದರಿಂದ, ಲಸಿಕೆ ಹಾಕಿದ ದನ ಯಾವುದು, ರೋಗ ಬಂದ ದನ ಯಾವುದು ಅಂತ ಪರೀಕ್ಷೆಯಲ್ಲಿ ಬೇರೆ ಮಾಡಬಹುದು.

ಎಲ್ಲಿಯವರೆಗೆ ಬಂದಿದೆ?

ಇದು ಶುರುವಾದದ್ದು 1990ರಲ್ಲಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಪ್ಲಾಸ್ಮಿಡ್ಡನ್ನು ಇಲಿಯ ಸ್ನಾಯುವಿಗೆ ಚುಚ್ಚಿದಾಗ ಇಲಿಯ ಮೈಯೇ ಆ ಪ್ರೋಟೀನು ಮಾಡಿತು. 1993ರಲ್ಲಿ ಇದೇ ದಾರಿಯಿಂದ ಇಲಿಗಳಿಗೆ ಫ್ಲೂ ಜ್ವರದಿಂದ ರಕ್ಷಣೆ ಕೊಟ್ಟರು. ನಮ್ಮ ಸಂಘ ಶುರುವಾದ ಕಾಲಕ್ಕೆ ಇದಿನ್ನೂ ಪ್ರಯೋಗಶಾಲೆಯಲ್ಲೇ ಇತ್ತು. 2005ರಲ್ಲಿ ಅಮೆರಿಕದಲ್ಲಿ ಕುದುರೆಗಳ ವೆಸ್ಟ್ ನೈಲ್ ರೋಗಕ್ಕೂ, ಕೆನಡಾದಲ್ಲಿ ಸಾಕಿದ ಸಾಲ್ಮನ್ ಮೀನಿನ ಒಂದು ರೋಗಕ್ಕೂ ಡಿ.ಎನ್.ಎ. ಲಸಿಕೆಗೆ ಪರವಾನಗಿ ಸಿಕ್ಕಿತು. ಮನುಷ್ಯರಿಗೆ ಜಗತ್ತಿನಲ್ಲೇ ಮೊದಲು ಒಪ್ಪಿಗೆ ಸಿಕ್ಕಿದ್ದು ನಮ್ಮ ದೇಶದಲ್ಲಿ. 2021ರ ಆಗಸ್ಟ್‌ನಲ್ಲಿ ಕೊರೋನಾಕ್ಕೆ ಝೈಕೋವ್-ಡಿ ಎಂಬ ಲಸಿಕೆಗೆ ತುರ್ತು ಬಳಕೆಯ ಅನುಮತಿ ಕೊಟ್ಟರು. ಅದಕ್ಕೆ ಸೂಜಿಯೂ ಬೇಡ, ಒತ್ತಡದಿಂದ ಚರ್ಮದೊಳಗೆ ಹೋಗುತ್ತದೆ.

ಈಗ ಒಂದು ಮಾತು ಗಮನಿಸಿ. ಕುದುರೆಯದು, ಮೀನಿನದು, ಕೊರೋನಾ, ಮೂರೂ ವೈರಸ್ ರೋಗಗಳು. ಬ್ಯಾಕ್ಟೀರಿಯಾ ರೋಗಕ್ಕೆ ದನಗಳಿಗೆ ಹಾಕುವ ಡಿ.ಎನ್.ಎ. ಲಸಿಕೆ ಇನ್ನೂ ಮಾರುಕಟ್ಟೆಗೆ ಬಂದಿಲ್ಲ. ಯಾರಾದರೂ ಬಂದು "ನನ್ನ ಹತ್ರ ಇದೆ" ಅಂದರೆ ಅವರನ್ನು ನಂಬಬೇಡಿ.

ಯಾಕೆ ತಡ? ವೈರಸ್ಸಿಗೆ ಸ್ವಂತ ಅಡುಗೆಮನೆ ಇಲ್ಲ. ಅದು ಹೇಗಿದ್ದರೂ ನಮ್ಮ ಜೀವಕೋಶದಲ್ಲೇ ತನ್ನ ಪ್ರೋಟೀನು ಮಾಡಿಸಿಕೊಳ್ಳುವುದು. ಹಾಗಾಗಿ ಚೀಟಿ ಕಳಿಸಿದರೂ ಅದೇ ರುಚಿ ಬರುತ್ತದೆ. ಬ್ಯಾಕ್ಟೀರಿಯಾಕ್ಕೆ ತನ್ನದೇ ಅಡುಗೆಮನೆ ಇದೆ. ಅದರ ಕ್ರಮವನ್ನು ಹಸುವಿನ ಜೀವಕೋಶದಲ್ಲಿ ಮಾಡಿಸಿದರೆ ಕೆಲವೊಮ್ಮೆ ಪ್ರೋಟೀನಿನ ಮೇಲೆ ಬೇಡದ ಸಕ್ಕರೆ ಅಂಟಿ ರೂಪವೇ ಬದಲಾಗುತ್ತದೆ. ಜೊತೆಗೆ, ಕೆಲವು ಬ್ಯಾಕ್ಟೀರಿಯಾಗಳ ಮುಖ್ಯ ಗುರುತು ಪ್ರೋಟೀನೇ ಅಲ್ಲ, ಹೊರಗವಚದ ಸಕ್ಕರೆ ಅಂಶ. ಅದನ್ನು ಒಂದು ಚೀಟಿಯಲ್ಲಿ ಬರೆದು ಕಳಿಸಲು ಬರುವುದಿಲ್ಲ.

ಆದರೂ ಕಂದು ರೋಗದ ವಿಷಯದಲ್ಲಿ ಆಸೆ ಹೆಚ್ಚು. ಯಾಕೆಂದರೆ ಆ ಬ್ಯಾಕ್ಟೀರಿಯಾ ದನದ ಜೀವಕೋಶದ ಒಳಗೇ ಹೋಗಿ ಅಡಗುತ್ತದೆ. ರಕ್ತದಲ್ಲಿ ತೇಲುವ ಪ್ರತಿಕಾಯಗಳಿಗೆ ಅಲ್ಲಿ ಅದು ಸಿಗುವುದಿಲ್ಲ. ಒಳಗೆ ಹೊಕ್ಕು ಹುಡುಕುವ ಟಿ ಕಣಗಳೇ ಬೇಕು. ಅವುಗಳನ್ನು ಎಬ್ಬಿಸುವುದರಲ್ಲಿ ಡಿ.ಎನ್.ಎ. ಲಸಿಕೆ ಜಾಣ. 1997ರಲ್ಲೇ ವಿಸ್ಕಾನ್ಸಿನ್‌ನ ವಿಜ್ಞಾನಿಗಳು ಬ್ರುಸೆಲ್ಲಾದ ಒಂದು ಜೀನಿನಿಂದ ಲಸಿಕೆ ಮಾಡಿ ಇಲಿಗಳಲ್ಲಿ ಸ್ವಲ್ಪಮಟ್ಟಿನ ರಕ್ಷಣೆ ಕಂಡರು. ಆಮೇಲೆ ಬೇರೆ ಬೇರೆ ಜೀನುಗಳ ಪ್ರಯೋಗ ಅನೇಕ ದೇಶಗಳಲ್ಲಿ ಆಯಿತು. ಗಳಲೆಯ ಪಾಶ್ಚುರೆಲ್ಲಾದ ಮೇಲೂ ಇಂಥ ಪ್ರಯೋಗ ನಮ್ಮ ದೇಶದಲ್ಲೇ ಇಲಿಗಳ ಮೇಲೆ ನಡೆದಿದೆ.

ಇಲಿಯಿಂದ ಹಸುವಿಗೆ ಬರುವಾಗ ದಾರಿ ಕಡಿದಾಗುತ್ತದೆ. ಇಲಿಯ ತೂಕ ಇಪ್ಪತ್ತು ಇಪ್ಪತ್ತೈದು ಗ್ರಾಂ. ಮಿಶ್ರತಳಿ ಹಸು ನಾನೂರು ಕಿಲೋ. ನಮ್ಮ ಮಲೆನಾಡು ಗಿಡ್ಡ ಎಷ್ಟೇ ಗಿಡ್ಡ ಅಂದರೂ ಇಲಿಯ ಲೆಕ್ಕಕ್ಕೆ ಬರುವುದಿಲ್ಲವಲ್ಲ! ಇಲಿಗೆ ಸಾಕಾದ ಪ್ರಮಾಣ ಹಸುವಿನ ಮೈಯಲ್ಲಿ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಅದಕ್ಕಾಗಿ ಸಣ್ಣ ವಿದ್ಯುತ್ ತಟ್ಟಿಸಿ ಜೀವಕೋಶದ ಬಾಗಿಲು ತೆರೆಸುವುದು, ಮೊದಲು ಡಿ.ಎನ್.ಎ. ಕೊಟ್ಟು ಆಮೇಲೆ ಅದೇ ಪ್ರೋಟೀನು ಕೊಡುವುದು, ಹೀಗೆ ಉಪಾಯ ಹುಡುಕುತ್ತಿದ್ದಾರೆ. ರೈತ ಕೊಡಬಲ್ಲ ದರಕ್ಕೂ ಅದು ಇಳಿಯಬೇಕು.

"ಹಾಲಿಗೆ ಏನಾದರೂ ಬರ್ತದಾ ಡಾಕ್ಟ್ರೇ?" ಅಂತ ತಾಯಂದಿರು ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ. ಡಿ.ಎನ್.ಎ. ಹುಲ್ಲಿನಲ್ಲಿದೆ, ಹಾಲಿನಲ್ಲಿದೆ, ನಾವು ಉಣ್ಣುವ ಪ್ರತಿ ತುತ್ತಿನಲ್ಲೂ ಇದೆ. ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ಪ್ಲಾಸ್ಮಿಡ್ಡು ತನ್ನ ಕೆಲಸ ಮಾಡಲು ಹಸುವಿನ ಸ್ವಂತ ವಂಶವಾಹಿಯೊಳಗೆ ಸೇರಿಕೊಳ್ಳಬೇಕಾಗಿಲ್ಲ. ಆದರೂ ಎಲ್ಲಾದರೂ ಸೇರೀತೇ ಎಂಬುದನ್ನು ಪರವಾನಗಿ ಕೊಡುವ ಮುಂಚೆ ಪರೀಕ್ಷೆ ಮಾಡಲೇಬೇಕು. ಉಂಗುರ ಬೆಳೆಸುವಾಗ ಗುರುತಿಗಾಗಿ ಇಡುವ, ಆ್ಯಂಟಿಬಯಾಟಿಕ್ ತಡೆದುಕೊಳ್ಳುವ ಜೀನನ್ನೂ ತೆಗೆದುಹಾಕುವ ಕೆಲಸ ನಡೆದಿದೆ. ಕೇಳುವುದು ತಪ್ಪಲ್ಲ. ಹೊಸದು ಬಂದಾಗ ನೀವು ಕೇಳಬೇಕು.

ನನ್ನ ಮೈಯೇ ಹೇಳಿದ ಪಾಠ

ಒಂದು ಸ್ವಂತ ವಿಷಯ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಮಳೆಗಾಲದ ರಾತ್ರಿ, ಕಂದು ಹಾಕಿದ ಹಸುವಿನ ಮಾಸು ತೆಗೆಯಲು ಕರೆದರು. ಕೈಗವಸು ಮುಗಿದಿತ್ತು. ಪ್ರಾಯದ ಧೈರ್ಯ, ಬರಿಗೈ ಹಾಕಿದೆ. ಬೆರಳಲ್ಲಿ ಅಡಿಕೆ ಸುಲಿಯುವ ಕತ್ತಿಯ ಸಣ್ಣ ಗಾಯ ಇತ್ತು. ಮೂರು ವಾರದ ಮೇಲೆ ಸಂಜೆಯಾದರೆ ಜ್ವರ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು, ಬೆಳಿಗ್ಗೆ ಏನೂ ಇಲ್ಲ. ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತಲಾಗದು. ಮಲೇರಿಯಾ ಅಂದರು, ಟೈಫಾಯಿಡ್ ಅಂದರು, ಎರಡಕ್ಕೂ ಔಷಧಿ ನುಂಗಿದೆ. ಮೂರು ತಿಂಗಳಾದ ಮೇಲೆ ನಾನೇ ನನ್ನ ರಕ್ತವನ್ನು ದನದ ರಕ್ತದ ಜೊತೆ ಪರೀಕ್ಷೆಗೆ ಕಳಿಸಿದೆ. ಎರಡರಲ್ಲೂ ಕಂದು ರೋಗ. ಆರು ವಾರ ಎರಡು ಬಗೆಯ ಮಾತ್ರೆ ತಿಂದ ಮೇಲೆ ಗುಣವಾಯಿತು.

ಪಶುವೈದ್ಯನಾದ ನನಗೇ ಮೂರು ತಿಂಗಳು ಹೊಳೆಯಲಿಲ್ಲ. ಆ ಹಸುವಿನ ಮನೆಯಾಕೆಗೂ ಗಂಟುನೋವು, ಸಂಜೆ ಜ್ವರ ಇತ್ತು. "ಮಳೆಗಾಲದ ವಾತ" ಅಂತ ಕಷಾಯ ಕುಡಿಯುತ್ತಿದ್ದರು. ನನ್ನ ಫಲಿತಾಂಶ ಬಂದ ಮೇಲೆ ಅವರನ್ನೂ ಪರೀಕ್ಷೆಗೆ ಕಳಿಸಿದೆವು. ಅವರಿಗೂ ಅದೇ. ಕೊಟ್ಟಿಗೆ ಬಾಚುವವರು, ಮಾಸು ಎತ್ತಿ ಹಾಕುವವರು ನಮ್ಮಲ್ಲಿ ಹೆಂಗಸರೇ ಅಲ್ಲವೇ? ಅದಕ್ಕೇ ನಾನು ಈ ರೋಗವನ್ನು ದನದ ರೋಗ ಅಂತ ಮಾತ್ರ ಕರೆಯುವುದಿಲ್ಲ.

ಕೆಲವು ದೇಶಗಳಲ್ಲಿ ರೋಗ ಕಂಡ ದನವನ್ನು ಕೊಂದು, ರೈತನಿಗೆ ಪರಿಹಾರ ಕೊಟ್ಟು ಈ ರೋಗ ಅಳಿಸಿದರು. ನಮ್ಮ ಭಾವನೆ ಅದಕ್ಕೆ ಒಪ್ಪುವುದಿಲ್ಲ. ಹಾಗಾದರೆ ನಮಗೆ ಉಳಿದ ದಾರಿ ಲಸಿಕೆ ಮತ್ತು ಶುಚಿತ್ವ, ಬೇರೆ ಇಲ್ಲ. ಒಳ್ಳೆಯ ಲಸಿಕೆ ಬರಲಿ ಎಂದು ನಾನು ಹಾರೈಸುವುದು ಅದಕ್ಕೇ.

ಮಂಗನ ಕಾಯಿಲೆ ಕಲಿಸಿದ್ದು

ಲಸಿಕೆ ಎಂದ ಕೂಡಲೇ ನಮ್ಮ ಮೂರು ತಾಲ್ಲೂಕಿನವರಿಗೆ ನೆನಪಾಗುವುದು ಮಂಗನ ಕಾಯಿಲೆ. ಅದು ವೈರಸ್ ರೋಗ, ಮನುಷ್ಯರದ್ದು, ಇಲ್ಲಿಯ ವಿಷಯಕ್ಕೆ ಹೊರಗಿನದು. ಆದರೂ ಅದರ ಪಾಠ ಬಿಡುವ ಹಾಗಿಲ್ಲ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ರೋಗ. ಅದಕ್ಕೆ ಲಸಿಕೆ ಬಂತು, ವರ್ಷವರ್ಷ ತೋಳು ಕೊಟ್ಟೆವು. 2018-19ರಲ್ಲಿ ಸಾಗರದ ಅರಳಗೋಡಿನಲ್ಲಿ ಏನಾಯಿತು ಅಂತ ಇಲ್ಲಿ ಕೂತವರಿಗೆ ನಾನು ಹೇಳಬೇಕಾಗಿಲ್ಲ. ಲಸಿಕೆಯ ಶಕ್ತಿ ಸಾಲದೆಂದು 2022ರಲ್ಲಿ ಅದನ್ನು ಕೊಡುವುದನ್ನೇ ನಿಲ್ಲಿಸಿದರು. ಹೊಸದಕ್ಕೆ ಪ್ರಯತ್ನ ನಡೆದಿದೆ.

ಇದರಿಂದ ಲಸಿಕೆಯೇ ಬೇಡ ಅಂತ ಕಲಿಯಬಾರದು. ಲಸಿಕೆ ಹಾಕಿದ ಮೇಲೂ ಅದು ಕೆಲಸ ಮಾಡುತ್ತಿದೆಯೇ ಅಂತ ಲೆಕ್ಕ ಇಡಬೇಕು, ಹಾಕಿದವರೂ ಹಾಕಿಸಿಕೊಂಡವರೂ ಕೇಳುತ್ತಿರಬೇಕು, ಅದು ಕಲಿಯಬೇಕಾದ ಪಾಠ. ಇಲಿಯಲ್ಲಿ ಗೆದ್ದ ಡಿ.ಎನ್.ಎ. ಲಸಿಕೆ ನಮ್ಮ ಕೊಟ್ಟಿಗೆಯಲ್ಲೂ ಗೆದ್ದಿತೇ ಎಂಬುದಕ್ಕೆ ಸಾಕ್ಷಿ ಹೇಳಬೇಕಾದವರು ನೀವೇ. ಲೆಕ್ಕವೇ ಇಲ್ಲದ ಊರು ಸಾಕ್ಷಿ ಹೇಳುವುದು ಹೇಗೆ?

ಸಂಘ ಮಾಡಬಹುದಾದದ್ದು

ಆದ್ದರಿಂದ ಬೆಳ್ಳಿಹಬ್ಬದ ದಿನ ಸಂಘದ ಮುಂದೆ ಕೆಲವು ಸಲಹೆ ಇಡುತ್ತೇನೆ.

ಒಂದು, ಗಳಲೆ ಮತ್ತು ಚಪ್ಪೆ ರೋಗದ ಲಸಿಕೆ ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲೇ ಆಗಬೇಕು. ಹಾಕಿದ ಮೇಲೆ ಶಕ್ತಿ ಬರಲು ಎರಡು ಮೂರು ವಾರ ಬೇಕು. ಮಳೆ ಹಿಡಿದ ಮೇಲೆ ಓಡಿದರೆ ಪ್ರಯೋಜನ ಅಷ್ಟಕ್ಕಷ್ಟೆ.

ಎರಡು, ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳ ಪಟ್ಟಿ ಸಂಘದಲ್ಲಿ ಇರಲಿ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆಗೆ ಕಂದು ರೋಗವೂ ಸೇರಿದೆ. ಈ ವಯಸ್ಸು ಒಮ್ಮೆ ದಾಟಿದರೆ ಮತ್ತೆ ಅವಕಾಶ ಇಲ್ಲ. ಕಿವಿಗೆ ಹಾಕುವ ಹನ್ನೆರಡು ಅಂಕಿಯ ಬಿಲ್ಲೆಯನ್ನು ಕಿತ್ತು ಹಾಕಬೇಡಿ, ಅದೇ ಆ ದನದ ಪಾಸ್‌ಪುಸ್ತಕ.

ಮೂರು, ಹಾಲಿನ ಉಂಗುರ ಪರೀಕ್ಷೆ. ಇದು ಸಹಕಾರ ಸಂಘಕ್ಕೆಂದೇ ಹೇಳಿ ಮಾಡಿಸಿದ ಹಾಗಿದೆ. ಎಲ್ಲರ ಹಾಲು ಸೇರಿದ ಕ್ಯಾನಿನಿಂದ ಸ್ವಲ್ಪ ಹಾಲಿಗೆ ಬಣ್ಣ ಕಟ್ಟಿದ ಔಷಧಿ ಹಾಕಿಟ್ಟರೆ, ರೋಗದ ಗುರುತಿದ್ದಲ್ಲಿ ಮೇಲಿನ ಕೆನೆಯಲ್ಲಿ ಬಣ್ಣದ ಉಂಗುರ ಕಟ್ಟುತ್ತದೆ. ನೂರು ದನದ ರಕ್ತ ತೆಗೆಯದೆ ಊರಿನ ಸ್ಥಿತಿ ತಿಳಿಯುತ್ತದೆ. ಉಂಗುರ ಕಟ್ಟಿದರೆ ಆಮೇಲೆ ಒಂದೊಂದೇ ಮನೆಯದನ್ನು ನೋಡಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ. ನನ್ನ ದನದ್ದು ಸಿಕ್ಕಿದರೆ ಹಾಲು ನಿಲ್ಲಿಸ್ತಾರೆ, ಮರ್ಯಾದೆ ಹೋಗ್ತದೆ ಅಂತ ಹೆದರಿಕೆ ಸಹಜ. ಹಾಗೆ ಹೆದರಿದವನು ರಾತ್ರೋರಾತ್ರಿ ಆ ದನವನ್ನು ಇನ್ನೊಂದು ಊರಿಗೆ ಮಾರುತ್ತಾನೆ, ರೋಗವೂ ಅಲ್ಲಿಗೆ ಹೋಗುತ್ತದೆ. ಆದ್ದರಿಂದ ಅಂಥ ಮನೆಗೆ ಸಂಘ ತನ್ನ ಲಾಭದಿಂದ ಒಂದಿಷ್ಟು ನೆರವು ಕೊಡುವುದೆಂದು ಮೊದಲೇ ಠರಾವು ಮಾಡಲಿ. ಕ್ಯಾನಿನಲ್ಲಿ ಹಾಲು ಬೆರೆತ ಮೇಲೆ ನಷ್ಟವೂ ಬೆರೆಯಬೇಕಲ್ಲವೇ?

ನಾಲ್ಕು, ಕೈಗವಸು. ಸಂಘದ ಕಪಾಟಿನಲ್ಲಿ ಯಾವಾಗಲೂ ಇರಲಿ. ಕಂದು ಹಾಕಿದ ಕರು, ಮಾಸು ಇವನ್ನು ಗೊಬ್ಬರಗುಂಡಿಗೂ ಎಸೆಯಬೇಡಿ, ಹೊಳೆಗೂ ಬಿಡಬೇಡಿ. ಸುಣ್ಣ ಹಾಕಿ ಆಳವಾಗಿ ಹೂಳಿ. ಹಾಲನ್ನು ಕಾಯಿಸಿಯೇ ಕುಡಿಯಿರಿ. ಹೊಸ ದನ ತರುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿ. ಪಶುವೈದ್ಯಕೀಯ ಕಾಲೇಜು ಶಿವಮೊಗ್ಗದಲ್ಲೇ ಇದೆ, ಬೆಂಗಳೂರಿಗೆ ಓಡಬೇಕಾಗಿಲ್ಲ.

ಮಾತು ಉದ್ದವಾಯಿತು, ಊಟದ ಹೊತ್ತಾಗಿದೆ, ಪಾಯಸದ ವಾಸನೆಯೂ ಬರ್ತಾ ಇದೆ. ಡಿ.ಎನ್.ಎ. ಲಸಿಕೆ ಬಂದೀತು. ಯಾವ ವರ್ಷ ಅಂತ ಹೇಳುವ ಜ್ಯೋತಿಷ್ಯ ನನಗೆ ಬಾರದು. ಬಂದ ದಿನ, ಯಾವ ಊರಲ್ಲಿ ಕರುಗಳ ಪಟ್ಟಿ ಇದೆಯೋ, ಹಾಲಿನ ಪರೀಕ್ಷೆ ನಡೆಯುತ್ತಿದೆಯೋ, ಹಾಕುವವನು ಬಂದಾಗ ದನ ಬೆಟ್ಟಕ್ಕೆ ಅಟ್ಟದೆ ಕೊಟ್ಟಿಗೆಯಲ್ಲಿ ಕಟ್ಟಿರುತ್ತಾರೋ, ಆ ಊರಿಗೆ ಅದು ಮೊದಲು ಉಪಯೋಗಕ್ಕೆ ಬರುತ್ತದೆ. ಅಲ್ಲಿಯವರೆಗೆ ಮೇ ತಿಂಗಳನ್ನು ತಪ್ಪಿಸಬೇಡಿ.